ಕೆಂಪು ಬಲ್ಬು ಹತ್ತಿದರೆ ಭಜನೆ

ಜುಲೈ 29, ಮಂಗಳವಾರ. ಬಳ್ಳಾರಿ

ಪಂಚಮಿ. ಕೆಳಗೆ ಶೇಂಗಾ ಉಂಡಿ ಕಟ್ಟುವ ವಾಸನೆ. ಮೇಲೆ ನಾನು, ಪ್ಲಾಸ್ಟರ್ ಹಾಕಿದ ಕಾಲು, ಒಂದು ಕಿಟಕಿ. ಬೆಳಿಗ್ಗೆಯಿಂದ ಬ್ರೂಸ್‌ಪೇಟೆಯ ಗೂಡ್ಸ್ ಆಟೋದವರು ಬೈದಾಡುವುದನ್ನು ಕೇಳುತ್ತಾ ಬಿದ್ದಿದ್ದೇನೆ. ಬೈಗುಳದಲ್ಲಿ ಹೊಸದೇನೂ ಇಲ್ಲ. ನನ್ನ ಕಾಲದಲ್ಲಿ ಇದಕ್ಕಿಂತ ರುಚಿಯಾದವು ಇದ್ದವು.

ಬಿದ್ದದ್ದು ಸಿರುಗುಪ್ಪದಲ್ಲಿ, ನನ್ನದೇ ಅಂಗಡಿಯ ಏಣಿಯಿಂದ. ‘ಗವಿಸಿದ್ದಪ್ಪ ಸೌಂಡ್ಸ್’ ಅಂದರೆ ತುಂಗಭದ್ರೆಯ ಆಚೆ ದಂಡೆಯವರಿಗೂ ಗೊತ್ತು. ಗೋಪುರದ ತುದಿಗೆ ಹಾರ್ನ್ ಕಟ್ಟಿದವನು ನಾನು, ಅಂಗಡಿಯ ಮಾಡಿಗೆ ನೇತುಹಾಕಿದ ಕನ್ನಡಿ ಗುಂಡಿನ ಧೂಳು ಒರೆಸಲು ಹೋಗಿ ಬಿದ್ದೆ. ಊರಿಗೆ ಹೇಳಿದ್ದು ಬೇರೆ — ಮೂವರು ಎತ್ತುವ ಸ್ಪೀಕರ್ ಒಬ್ಬನೇ ಇಳಿಸುತ್ತಿದ್ದೆ ಅಂತ.

ಅಣ್ಣನ ಮಗ ಸಿದ್ದಲಿಂಗೇಶ ಕಾರು ತಂದು ಹೊತ್ತುಕೊಂಡು ಬಂದ. ಬಟ್ಟೆ ಹೋಲ್‌ಸೇಲ್ ವ್ಯಾಪಾರ. ಒಳ್ಳೆಯವನು. ಒಳ್ಳೆಯವರ ಮನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

“ಮೆಟ್ಟಲ ಇಳೀಬ್ಯಾಡ ಅಂದಾರ ಡಾಕ್ಟ್ರು. ನಿನಗ ಏನ್ ಬೇಕೋ ಎಲ್ಲಾ ಮ್ಯಾಲೇ ಬರ್ತೈತಿ, ಕಾಕಾ.”

ಎಲ್ಲಾ ಬರುತ್ತದೆ. ಬಿದ್ದಾಗ ಒಡೆದ ಮೊಬೈಲು ಮಾತ್ರ ರಿಪೇರಿಗೆ ಹೋದದ್ದು ಬಂದಿಲ್ಲ.

ಜುಲೈ 31, ಗುರುವಾರ

ಗಂಗೋತ್ರಿ, ಸಿದ್ದಲಿಂಗೇಶನ ಮಗಳು, ಕಾಲೇಜಿನ ಡ್ಯಾನ್ಸ್ ಪ್ರಾಕ್ಟೀಸಿಗೆ ನನ್ನ ಕೋಣೆಗೇ ಬರುತ್ತಾಳೆ. ಇಲ್ಲಿ ಜಾಗ ಇದೆ, ಬೈಯುವವರು ಇಲ್ಲ. ಫೋನಿನಲ್ಲಿ ಏನೋ ಹಚ್ಚಿದಳು.

“ಡಿಜೆ ಮಿಕ್ಸ್ ತಾತ. ಹೆಂಗೈತಿ?”

“ಇದು ಡಿಜೆ ಅಲ್ಲಬೇ, ಪೆನ್‌ಡ್ರೈವು. ಡಿಜೆ ಅಂದ್ರ ಮನುಷ್ಯ.”

ಶುರು ಮಾಡಿದೆ. ಕುರುಗೋಡಿನಲ್ಲಿ ಏಳನೇ ಕ್ಲಾಸು ಮುಗಿಸಿ, ಹತ್ತಿ ಲಾರಿ ಹತ್ತಿ ಬಾಂಬೆಗೆ ಹೋದದ್ದು. ಕೊಲಾಬಾ ಕಡೆ ಒಂದು ಹೋಟೆಲು, ಅದರ ತಳಮನೆಯಲ್ಲಿ ‘ನೀಲಂ’ ಡಿಸ್ಕೊ. ಲೈಟಿಂಗ್ ಪೂರಾ ನನ್ನದು. ಕುಣಿಯುವವರ ತಲೆ ಮೇಲೆ ತಿರುಗಿ ಬೆಳಕು ಚೆಲ್ಲುವ ವಿಲಾಯಿತಿ ಕನ್ನಡಿ ಗುಂಡು ತರಿಸಲು ಮಾಲೀಕನಿಗೆ ಕೈ ಬರಲಿಲ್ಲ. ನಾನು ಊರಿಗೆ ಬಂದು, ಹೊಲದ ದೊಡ್ಡ ಸೋರೆಬುರುಡೆ ಒಣಗಿಸಿ, ಕೌಲ್ ಬಜಾರಿನಲ್ಲಿ ಲಂಬಾಣಿ ಲಂಗಕ್ಕೆ ಹಚ್ಚುವ ಕನ್ನಡಿ ಚೂರು ತಗೊಂಡು, ಬುರುಡೆ ತುಂಬ ಅಂಟಿಸಿ ಒಯ್ದೆ. ಟೇಪ್‌ರೆಕಾರ್ಡರಿನ ಮೋಟರಿಗೆ ಕಟ್ಟಿ ತಿರುಗಿಸಿದೆ. ಬಾಂಬೆಯೇ ಬಾಯಿ ಬಿಟ್ಟಿತು.

“ಸುಳ್ಳು,” ಅಂದಳು.

“ಸಿರುಗುಪ್ಪದ ಅಂಗಡ್ಯಾಗ ಈಗ್ಲೂ ತೂಗತೈತಿ. ಹೋಗಿ ನೋಡು.”

ಅವಳಿಗೆ ಹೇಳದ್ದು ಇಲ್ಲಿ ಬರೆಯುತ್ತೇನೆ. ಮಂಗಳವಾರ ನೀಲಂಗೆ ಗಿರಾಕಿ ಇರುತ್ತಿರಲಿಲ್ಲ. ಆ ದಿನವನ್ನು ಮಾಲೀಕ ನಮ್ಮಂಥವರಿಗೆ ಬಿಟ್ಟಿದ್ದ. ಗಂಡಸರು ಗಂಡಸರ ಜೊತೆ ಕುಣಿಯುವ ದಿನ. ಬ್ಯಾಂಕಿನ ಗುಮಾಸ್ತ, ಹಡಗಿನ ಅಡುಗೆಯವನು, ಕಾಲೇಜು ಮೇಷ್ಟ್ರು, ಮದುವೆಯಾಗಿ ಮೂರು ಮಕ್ಕಳಿದ್ದ ಒಬ್ಬ ವಜ್ರದ ದಲ್ಲಾಳಿ. ಮೆಟ್ಟಿಲು ಇಳಿಯುವಾಗ ಒಬ್ಬೊಬ್ಬರದೂ ಬೆನ್ನು ನೆಟ್ಟಗಾಗುತ್ತಿತ್ತು. ಮೇಲೆ ಹತ್ತುವಾಗ ಮತ್ತೆ ಬಾಗುತ್ತಿತ್ತು.

ಡಿಜೆ — ಡೆಂಜಿಲ್. ಗುಂತಕಲ್ ರೈಲ್ವೆ ಕಾಲನಿಯ ಆಂಗ್ಲೋ ಇಂಡಿಯನ್, ಇಂಜಿನ್ ಡ್ರೈವರನ ಮಗ. ಮೊದಲ ದಿನ ನಾನು ಫ್ಯೂಸಿಗೆ ತೆಲುಗಿನಲ್ಲಿ ಬೈಯುತ್ತಿದ್ದೆ. ಬೂತಿನಿಂದ ಇಣುಕಿ, “ಏಮ್ರಾ, ಮನ ಕಡೆಯಾವನಾ?” ಅಂದ, ನಮ್ಮ ಕಡೆಯವನೇನೋ ಅಂತ. ಅಷ್ಟೇ. ಮುಗಿಯಿತು ನನ್ನ ಕಥೆ.

ಆಗಸ್ಟ್ 2, ಶನಿವಾರ

ಕಾಲು ತುರಿಸುತ್ತಿದೆ. ಪ್ಲಾಸ್ಟರಿನೊಳಗೆ ಸ್ವೆಟರ್ ಕಡ್ಡಿ ತೂರಿಸಿದೆ. ಅದೂ ಸಿಕ್ಕಿಕೊಂಡಿತು. ಈಗ ಒಳಗೆ ಇಬ್ಬರು ಕೈದಿಗಳು.

ಡೆಂಜಿಲ್ ಕೆಲಸ ಮಾಡುವುದನ್ನು ನೋಡಬೇಕಿತ್ತು. ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಜನಕ್ಕೆ. ಈ ಹಾಡಿನ ಪ್ಲೇಟು ಮುಗಿಯುವ ಮುಂಚೆ ಆ ಪ್ಲೇಟು ಹೊರಟಿರುತ್ತಿತ್ತು. ಬೋಗಿಗೆ ಬೋಗಿ ಜೋಡಿಸಿದ ಹಾಗೆ. “ಒಳಗ ಕುಂತಾವನ ಚಾ ಚೆಲ್ಲಬಾರ್ದು,” ಅನ್ನುತ್ತಿದ್ದ. ಬಾಂಬೆಯಲ್ಲಿ ಬೇರೆ ಡಿಜೆಗಳೂ ಇದ್ದರು. ಚರ್ಚ್‌ಗೇಟ್ ಹೋಟೆಲಿನವನು ಚಿನ್ನದ ಸರ ಹಾಕುತ್ತಿದ್ದ, ಜುಹುವಿನವನು ಹುಡುಗಿಯರ ಮುಖ ನೋಡಿ ಹಾಡು ಬದಲಿಸುತ್ತಿದ್ದ. ಡೆಂಜಿಲ್ ಮುಖ ನೋಡುತ್ತಲೇ ಇರಲಿಲ್ಲ. “ಮುಖ ಸುಳ್ಳು ಹೇಳ್ತೈತಿ. ಕಾಲು ನೋಡು.”

ಭಜನೆಯ ಐಡಿಯಾ ಮಾತ್ರ ನನ್ನದು. ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಪೊಲೀಸರ ಕಾಟ. ಬಾಗಿಲ ಗೂರ್ಖಾ ಗುಂಡಿ ಒತ್ತಿದರೆ ಬೂತಿನಲ್ಲಿ ಕೆಂಪು ಬಲ್ಬು ಹತ್ತುತ್ತಿತ್ತು. ಬಲ್ಬು ಹತ್ತಿತೋ, ಡೆಂಜಿಲ್ ಪ್ಲೇಟಿನ ಮೇಲಿನ ಮುಳ್ಳು ಎತ್ತುತ್ತಿದ್ದ. ಪರದೆ ಸರಿಸಿದರೆ ಹಿಂದೆ ದೇವರ ಫೋಟೊ. ರೆಕಾರ್ಡ್ ಪೆಟ್ಟಿಗೆಯಿಂದ ತಾಳ, ಕಲ್ಲುಸಕ್ಕರೆ ತಟ್ಟೆ. ಕುಣಿಯುತ್ತಿದ್ದವರೆಲ್ಲ ಸಾಲಾಗಿ ಚಕ್ಕಳಮಕ್ಕಳ. ನಾನು ಕುರುಗೋಡಿನಲ್ಲಿ ಅಪ್ಪನಿಂದ ಕಲಿತ ಪದ ಎತ್ತುತ್ತಿದ್ದೆ. ಒಂದಕ್ಷರ ತಿಳಿಯದ ಪಾರ್ಸಿ, ಪಂಜಾಬಿಗಳೆಲ್ಲ ಕಣ್ಣು ಮುಚ್ಚಿ ಚಪ್ಪಾಳೆ. ಡೆಂಜಿಲ್ ತಾಳ ಹಿಡಿದು ಕೂರಲು ಹೋಗಿ ಒಮ್ಮೆ ಅವನ ಬೆಲ್‌ಬಾಟಮ್ ಹಿಂದೆ ಪರ್ರೆಂದಿತು. ಒಬ್ಬ ಇನ್ಸ್‌ಪೆಕ್ಟರು ಮೆಟ್ಟಿಲಲ್ಲೇ ಬೂಟು ಬಿಚ್ಚಿ ಬಂದು ಕೂತ. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಔರ್ ಏಕ್,” ಅಂದ!

ಕಡೆಯ ಮಂಗಳವಾರ ಬಲ್ಬು ಹತ್ತಲಿಲ್ಲ. ಹೊಸ ಅಧಿಕಾರಿ, ಹಿಂಬಾಗಿಲಿನಿಂದ ಬಂದ. ಅವತ್ತು ಡೆಂಜಿಲ್ ಒಂದು ಉದ್ದನೆಯ ಪ್ಲೇಟು ಹಚ್ಚಿ, ಮೊದಲ ಸಲ ಬೂತು ಬಿಟ್ಟು ಇಳಿದು, ನನ್ನ ಕೈ ಹಿಡಿದಿದ್ದ. ಅರ್ಧ ಹಾಡಿಗೆ ವೈರು ಕಿತ್ತರು.

ಆಮೇಲೆ ನೀಲಂ ಇಲ್ಲ. ಬುರುಡೆ ಗುಂಡು ಹೊತ್ತುಕೊಂಡು ಊರಿಗೆ ಬಂದೆ. ಅವನು ಒಮ್ಮೆ ಹುಡುಕಿಕೊಂಡು ಕುರುಗೋಡಿಗೆ ಬಂದ. ಅಣ್ಣ ಅವನ ಮುಖ ನೋಡಿದ, ನನ್ನ ಮುಖ ನೋಡಿದ. “ಮುಂಜಾನಿ ಬಸ್ಸಿಗೆ ನಿನ್ ದೋಸ್ತನ್ನ ಹತ್ತಿಸು,” ಅಂದ. ಹತ್ತಿಸಿದೆ.

ಅಲ್ಲಿಂದ ಭಜನೆಯೇ. ಗವಿಸಿದ್ದಪ್ಪ ಕೂತರೆ ಬೆಳಗಾಗಬೇಕು ಅಂತ ಹೆಸರು. ರೂಪನಗುಡಿಯಲ್ಲಿ ಶಾಲು ಹೊದಿಸಿದರು. ಕೆಂಪು ಬಲ್ಬು ಆರಿಸಲು ಯಾರೂ ಬರಲಿಲ್ಲ, ನಾನು ಹಾಡುತ್ತಲೇ ಇದ್ದೇನೆ.

ಆಗಸ್ಟ್ 5, ಮಂಗಳವಾರ

ಮಾರೇಶ ಬಂದಿದ್ದ. ಅಂಗಡಿಯಲ್ಲಿ ನನ್ನ ಪಾಲುದಾರ. ನನಗಿಂತ ಚೆನ್ನಾಗಿ ವೈರು ಎಳೆಯುತ್ತಾನೆ. ಇದನ್ನು ಅವನೆದುರು ಒಪ್ಪುವುದಿಲ್ಲ. ಸಿದ್ದಲಿಂಗೇಶ ಫೋನು ಬಂತೆಂದು ಕೆಳಗಿಳಿದದ್ದೇ ತಡ, ಮಂಚಕ್ಕೆ ಒರಗಿದ.

“ಅಣ್ಣಾ, ಒಬ್ಬ ಮುದುಕ ಬಂದಿದ್ದ ಅಂಗಡಿಗಿ. ತಲಿ ಮ್ಯಾಲೆ ಹ್ಯಾಟು. ಗುಂಡು ನೋಡಿ ಹಂಗs ನಿಂತುಬಿಟ್ಟ. ಸೋರೆಬುರುಡಿ ಅಲ್ಲೇನು ಇದು, ಅಂದ. ನನಗs ಗೊತ್ತಿರಲಿಲ್ಲ ಅದು ಬುರುಡಿ ಅಂತ!”

“ಹೆಸರು?”

“ಡೆಂಜಿಲ್ ಅಂತ. ನೀನು ಕಾಲು ಮುರಕಂಡಿ ಅಂದೆ. ಕುಂತು ಅತ್ತ. ಆಮ್ಯಾಲ ನಕ್ಕ. ‘ನಾನು ಯಾವತ್ತೂ ಅವನ ಕಾಲು ನೋಡಿದಾವನು, ಈಗ್ಲೂ ನೋಡಬೇಕು,’ ಅಂದ.”

ಕೌಲ್ ಬಜಾರಿನಲ್ಲಿ ತಂಗಿಯ ಮನೆಯಲ್ಲಿದ್ದಾನೆ. ಇಲ್ಲೇ. ಆಟೋ ಹತ್ತಿದರೆ ಬೀಡಿ ಮುಗಿಯುವ ಮೊದಲು ಸಿಗುವಷ್ಟು ದೂರ. ತಂಗಿಯ ಮಗ ಆಸ್ಟ್ರೇಲಿಯಾಕ್ಕೆ ಕರೆದೊಯ್ಯುತ್ತಾನಂತೆ. ಬರುವ ವಾರ ಬುಧವಾರ, ಹದಿಮೂರಕ್ಕೆ ರೈಲು. ಅವನ ವಯಸ್ಸಿನಲ್ಲಿ ಅಲ್ಲಿಂದ ವಾಪಸ್ ಬರುವ ಮಾತಿಲ್ಲ.

ಸಂಜೆ ಸಿದ್ದಲಿಂಗೇಶನನ್ನು ಕೇಳಿದೆ. ಹಳೆಯ ದೋಸ್ತ, ಒಮ್ಮೆ ಬಂದು ಹೋಗಲಿ.

“ಯಾರು? ಆ ಗುಂತಕಲ್ಲಿನಾವಾ?”

ನಾನು ಊರ ಹೆಸರು ಹೇಳಿರಲಿಲ್ಲ.

“ಅಪ್ಪ ಸಾಯೋಕಿಂತ ಮೊದ್ಲು ಎಲ್ಲಾ ಹೇಳ್ಯಾನ, ಕಾಕಾ. ಗಂಗೋತ್ರಿ ಸಂಬಂಧದ ಮಾತು ನಡದೈತಿ. ಅವರು ಓಣಿ ತುಂಬ ವಿಚಾರಸಾಕ ಹತ್ಯಾರ. ಅವ ಈ ಮನಿಗೆ ಬ್ಯಾಡ. ನೀ ಕೌಲ್ ಬಜಾರಿಗೂ ಬ್ಯಾಡ.”

“ತಪ್ಪಲ್ಲ ಅಂತ ಕೋರ್ಟೇ ಹೇಳೈತಲೇ!”

“ಕೋರ್ಟು ಬ್ರೂಸ್‌ಪೇಟ್ಯಾಗ ಹೆಣ್ಣು ನೋಡಾಕ ಬರಂಗಿಲ್ಲ.”

ಸಿಟ್ಟಿನಲ್ಲಿ ಹೇಳಲಿಲ್ಲ. ದಿಂಬು ಸರಿ ಮಾಡುತ್ತಾ ಹೇಳಿದ. ಹೋಗುವಾಗ ಮೆಟ್ಟಿಲ ಬಾಯಿಯ ಗ್ರಿಲ್ಲಿಗೆ ಬೀಗ ಹಾಕಿದ. ನಾನು ಬೀಳಬಾರದಂತೆ.

ಆಗಸ್ಟ್ 7, ಗುರುವಾರ

ಅತ್ತಿಗೆ ಕೊಟ್ರಬಸಮ್ಮ ರೊಟ್ಟಿ ತಂದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದಳು. ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಂಡಳು.

“ಆ ಡೆಂಜಿಲಪ್ಪ ಇನ್ನಾ ಅದಾನಂತಲ್ಲ.”

ಮುರಿದ ರೊಟ್ಟಿ ತಟ್ಟೆಗೇ ಇಟ್ಟೆ.

“ಅವತ್ತು ಬಸ್ಸಿಗೆ ಬುತ್ತಿ ಕಟ್ಟಿದಾಕಿ ನಾನು. ನಿಮ್ಮಣ್ಣ ಕಳಿಸು ಅಂದ್ನೇ ಹೊರತು ಉಪವಾಸ ಕಳಿಸು ಅನ್ನಲಿಲ್ಲ.” ನೀರಿನ ಚಂಬು ನನ್ನ ಕಡೆ ತಳ್ಳಿದಳು. “ಶ್ರಾವಣ ಸೋಮವಾರ ಮನ್ಯಾಗ ಭಜನಿ ಇಡಸ್ತೀನಿ. ಭಜನಿ ಬ್ಯಾಡ ಅನ್ನೋ ಧೈರ್ಯ ನನ್ನ ಮಗಗ ಇಲ್ಲ. ತಾಳ ಹೊಡಿಯಾಕ ಒಬ್ರು ಕಮ್ಮಿ ಅದಾರಂತ ಮಾರೇಶಗ ಹೇಳಿ ಕಳಿಸೀನಿ.”

ನೀಲಂ ಉಪಾಯ ನಾನು ಒಬ್ಬರಿಗೂ ಹೇಳಿದವನಲ್ಲ. ಕುರುಗೋಡಿನ ಒಲೆ ಮುಂದೆ ಕೂತಿದ್ದವಳು ಈಕೆ, ತಾನೇ ಕಂಡುಹಿಡಿದಿದ್ದಾಳೆ. ಐಡಿಯಾ ನನ್ನೊಬ್ಬನದೇ ಅಂತ ಮೇಲೆ ಬರೆದದ್ದು ಹೊಡೆದು ಹಾಕಬೇಕು. ಹಾಕುವುದಿಲ್ಲ.

ಆಗಸ್ಟ್ 11, ಸೋಮವಾರ

ಬಂದ.

ನನ್ನನ್ನು ಕುರ್ಚಿ ಸಮೇತ ಕೆಳಗಿಳಿಸಿದ್ದರು. ಹಾಲ್ ತುಂಬ ಬ್ರೂಸ್‌ಪೇಟೆಯ ವ್ಯಾಪಾರಿಗಳು. ಭಜನೆಯವರ ಹಿಂದೆ, ಮಾರೇಶನ ಕೈ ಹಿಡಿದು, ಬಿಳಿ ಪಂಚೆ ಉಟ್ಟು ಬಂದ. ಕೂದಲು ಒಂದೂ ಇಲ್ಲ. ಆದರೆ ಹಣೆಯ ಮೇಲೆ — ದೇವರೇ — ಇಷ್ಟುದ್ದ ನಾಮ! ಗುಂತಕಲ್ಲಿನವನಿಗೆ ಗೊತ್ತಿದ್ದ ಹಿಂದೂ ವೇಷ ಅದೊಂದೇ. ವಿಭೂತಿ ಹಚ್ಚಿದ ಸಾಲಿನ ನಡುವೆ ತಿರುಪತಿಯಿಂದ ದಾರಿ ತಪ್ಪಿ ಬಂದವನ ಹಾಗೆ ನಿಂತ.

ಅತ್ತಿಗೆ ಅಡುಗೆಮನೆಯಿಂದ ಬಾಣದ ಹಾಗೆ ಬಂದಳು. “ಏನಪಾ, ಬೆವರಿಗೆ ವಿಭೂತಿ ಕದಡೇತಿ,” ಅಂತ ಸೆರಗಿನಿಂದ ಹಣೆ ತಿಕ್ಕಿ, ಮೂರು ಬೆರಳು ಅಡ್ಡ ಎಳೆದಳು.

ಸಿದ್ದಲಿಂಗೇಶ ನೋಡಿದ. ಎಲ್ಲಾ ನೋಡಿದ. ಹಾಲಿನಲ್ಲಿ ಮಂದಿ. ಬಂದು ನಮ್ಮಿಬ್ಬರ ನಡುವೆ ಸರಿಯಾಗಿ ಕೂತ, ಗೋಡೆಯ ಹಾಗೆ.

ಪದ ಎತ್ತಿದೆ. ದನಿ ಮೊದಲು ಒಡೆಯಿತು, ಆಮೇಲೆ ಹತ್ತಿತು. ಡೆಂಜಿಲ್ ನನ್ನ ಮುಖ ನೋಡಲಿಲ್ಲ. ಪ್ಲಾಸ್ಟರಿನ ತುದಿಯಲ್ಲಿ ಇಣುಕುವ ಬೆರಳು ನೋಡುತ್ತಾ ತಾಳ ಹಾಕಿದ. ಬೆರಳು ಅಲ್ಲಾಡಿತು. ತಾಳ ಸ್ವಲ್ಪ ಏರಿಸಿದ. ಬೆರಳು ಒಪ್ಪಿತು. ಮತ್ತೆ ಏರಿಸಿದ. ನೀಲಂ ವೇಗ! ವ್ಯಾಪಾರಿಗಳ ಹೊಟ್ಟೆಗಳೆಲ್ಲ ಕುಲುಕುತ್ತಾ ಚಪ್ಪಾಳೆ. ಹಾರ್ಮೋನಿಯಂ ಪಂಪಣ್ಣ ಬೆವರು ಒರೆಸಿಕೊಂಡು ಕೂಗಿದ: “ಏ ತಾಳದಾವ್ರೇ, ಸಾವಕಾಶರೀ! ರೈಲು ತಪ್ಪತೈತೇನು?”

ಮುಗಿಯಿತು. ಎಲ್ಲರೂ ಉಸಿರು ಬಿಡುತ್ತಿದ್ದರು. ಮಂಗಳಾರತಿಗೆ ಏಳಬೇಕು. ಎದ್ದರೆ ಅವನು ಹೋಗಬೇಕು. ಸಿದ್ದಲಿಂಗೇಶ ನೆಲ ನೋಡುತ್ತಾ ಹೇಳಿದ:

“ಇನ್ನೊಂದು ಹಾಡ್ರಿ.”

ಡೆಂಜಿಲ್ ತಲೆ ಎತ್ತಿದ. ನಾನೂ. ಇನ್ಸ್‌ಪೆಕ್ಟರ ಬೂಟು ನೆನಪಾಗಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಂದಿ ಭಕ್ತಿ ಉಕ್ಕಿತು ಅಂದುಕೊಂಡರು. ಕಣ್ಣಲ್ಲಿ ನೀರೂ ಇತ್ತಲ್ಲ.

ಕಲ್ಲುಸಕ್ಕರೆ ಹಂಚುವಾಗ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ ಹಿಡಿದ. “ಆ ಅರ್ಧ ಪಾಟ ನನ್ ಹತ್ರs ಐತ್ರಾ,” ಅಂದ. ಪಾಟ ಅಂದರೆ ಅವನ ತೆಲುಗಿನಲ್ಲಿ ಹಾಡು, ಅವತ್ತು ವೈರು ಕಿತ್ತು ನಿಲ್ಲಿಸಿದ ಹಾಡು. ಅಷ್ಟಕ್ಕೆ ಸಿದ್ದಲಿಂಗೇಶನ ಕೈ ನನ್ನ ಭುಜದ ಮೇಲೆ.

ಮೇಲೆ ತಂದು ಮಲಗಿಸಿದ. “ಇನ್ನೊಂದು ಹಾಡು ಕೊಟ್ಟೀನಿ ಕಾಕಾ. ಇನ್ನ ಕೇಳಬ್ಯಾಡ.” ಗ್ರಿಲ್ಲು. ಬೀಗ.

ಆಗಸ್ಟ್ 13, ಬುಧವಾರ, ಬೆಳಿಗ್ಗೆ

ಇವತ್ತು ರೈಲು. ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ಕೌಲ್ ಬಜಾರಿನಿಂದ ಸ್ಟೇಷನ್ನಿಗೆ ಹೋಗಲು ಈ ಓಣಿಗೆ ಬರುವ ಅಗತ್ಯವೇ ಇಲ್ಲ. ಸುಮ್ಮನೆ ಕೂತಿದ್ದೇನೆ.

ಕಲ್ಲುಸಕ್ಕರೆ ತಿಂದಿಲ್ಲ. ಇರುವೆ ಬರುತ್ತಿವೆ. ಬರಲಿ.

ಟೆಂಪೊ ಒಂದು ನಿಂತಿತು. ನಮ್ಮ ಅಂಗಡಿಯದು! ಮಾರೇಶ. ಎರಡು ದೊಡ್ಡ ಬಾಕ್ಸ್ ಕಟ್ಟಿದ್ದಾನೆ, ನಡುವೆ ಬುರುಡೆ ಗುಂಡು ತೂಗುತ್ತಿದೆ. ಸೂಟ್‌ಕೇಸಿನ ಮೇಲೆ ಡೆಂಜಿಲ್, ತೊಡೆಯ ಮೇಲೆ ನನ್ನ ಹಳೆಯ ಟರ್ನ್‌ಟೇಬಲ್. ಅವತ್ತಿನ ಅದೇ ಉದ್ದನೆಯ ಪ್ಲೇಟಿನ ಅಂಚಿನಿಂದ ಬೆರಳಲ್ಲಿ ಅಳೆಯುತ್ತಿದ್ದಾನೆ. ಮೊದಲಿನಿಂದ ಹಚ್ಚುವುದಿಲ್ಲ ಅವನು. ನನಗೆ ಗೊತ್ತು. ವೈರು ಕಿತ್ತ ಜಾಗ ಹುಡುಕುತ್ತಿದ್ದಾನೆ.

ಮುಳ್ಳು ಇಳಿಯಿತು.

ಓಣಿಯೇ ಅದುರುತ್ತಿದೆ. ಗೂಡ್ಸ್ ಆಟೋದವರು ಬೈಯುವುದು ಬಿಟ್ಟರು. ಕನ್ನಡಿಯ ಬಿಸಿಲು ಅಂಗಡಿಗಳ ಶಟರ್ ಮೇಲೆ ಓಡುತ್ತಿದೆ, ನನ್ನ ಗೋಡೆಯ ಮೇಲೂ, ಈ ಹಾಳೆಯ ಮೇಲೂ. ಕೆಳಗೆ ಗಂಗೋತ್ರಿ ಕೂಗುತ್ತಿದ್ದಾಳೆ: “ಅಪ್ಪಾ, ಬುರುಡಿ! ತಾತ ಹೇಳಿದ್ದು ಖರೇ!” ಸಿದ್ದಲಿಂಗೇಶ: “ಬಂದ್ ಮಾಡ್ರಲೇ!” ಬೀಗದ ಕೈಗೊಂಚಲ ಸದ್ದು. ಅತ್ತಿಗೆ: “ಲೇ ಸಿದ್ದಲಿಂಗಾ, ಅದು ಮುಗಿಲಿ ತಡಿಯೋ!”

ಹೆಜ್ಜೆ ನಿಂತವು. ಇಲ್ಲ, ಬರುತ್ತಿವೆ.

ಡೆಂಜಿಲ್ ಮೇಲೆ ನೋಡುತ್ತಿದ್ದಾನೆ. ಮುಖ ಅವನಿಗೆ ಬೇಡ. ಪ್ಲಾಸ್ಟರ್ ಕಾಲು ಎತ್ತಿ ಕಿಟಕಿಯ ಸರಳುಗಳ ನಡುವಿನಿಂದ ಆಚೆ ತೂರಿಸಿದ್ದೇನೆ. ಐದೂ ಬೆರಳು ಕುಣಿಯುತ್ತಿವೆ. ಕಂಡಿತು ಅವನಿಗೆ. ವಾಲ್ಯೂಮ್ ಏರಿಸಿದ.

ಗ್ರಿಲ್ಲು ತೆರೆಯಿತು. ಕಾಲು ಒಳಗೆ ಎಳೆದುಕೊಳ್ಳುವುದಿಲ್ಲ. ಭಜನೆ ಹಾಡುವುದಿಲ್ಲ ಈ ಸಲ. ಪಾಟ ಇನ್ನೂ