ಬೀಗರ ಕಾಡು ಸೂರ್ಯಕಾಂತಿ

ಗೈದರ್ಸ್‌ಬರ್ಗ್
೧೩ ನವೆಂಬರ್ ೨೦೦೭

ಚಿ. ಸೌ. ಮೈಥಿಲಿಗೆ,

ನಿನ್ನ ಸೋದರಮಾವ ರಾಮಲಿಂಗಪ್ಪನ ಆಶೀರ್ವಾದಗಳು. ನಾನು ಕ್ಷೇಮ, ನನ್ನ ಮಂಡಿನೋವೂ ಕ್ಷೇಮ. ಹೋದ ವಾರವೇ ಬರೆಯಬೇಕಿತ್ತು. ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ. ದಿನಾ ಫೋನಿನಲ್ಲಿ ಸಿಗುವವಳಿಗೆ ಕಾಗದ ಯಾಕೆ ಎನ್ನಬೇಡ. ನಿನ್ನ ಗಂಡ ಶಶಾಂಕ ಸ್ಪೀಕರ್ ಹಾಕಿ ಫೋನನ್ನು ಊಟದ ಮೇಜಿನ ನಡುವೆ ಇಡುತ್ತಾನೆ. ಅವನ ತಂದೆ ಕೇಶವಮೂರ್ತಿಗಳು ಎದುರಿಗೇ ಕೂತಿರುವಾಗ ಅವರ ಮೇಲಿನ ಹೊಟ್ಟೆಕಿಚ್ಚನ್ನು ನಿನಗೆ ಹೇಗೆ ಹೇಳಲಿ?

ಅವರ ಆ ಗಿಡದ ವಿಷಯ.

ನೀನು ಆಗಸ್ಟಿನಲ್ಲಿ ಆಫೀಸಿನ ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಹೋದಂದಿನಿಂದ ದಿನಾ ಸಂಜೆ ಫೋನಿನಲ್ಲಿ ನಿನ್ನ ಮೊದಲ ಮಾತು, "ಅಪ್ಪಾ, ಪ್ಲಾಂಟ್ ಹೇಗಿದೆ?" ಬೀಗರು ಅನ್ನ ಕಲಸುವುದನ್ನು ಬಿಟ್ಟು ವರದಿ ಒಪ್ಪಿಸುತ್ತಾರೆ: "ಇವತ್ತು ಹದಿನಾಲ್ಕು ಹೂವಮ್ಮ! ಎಲೆ ಅಡಿಭಾಗ ನೋಡ್ಬೇಕು ನೀನು, ಸುಣ್ಣ ಬಳಿದ ಹಾಗಿದೆ." ಕೊನೆಗೆ ನನಗೆ, "ಮಾಮ, ಊಟ ಆಯ್ತಾ?" ನಾನೇನು ಊಟಕ್ಕಾಗಿಯೇ ವಿಮಾನ ಹತ್ತಿ ಬಂದವನೇ?

ಸೂರ್ಯಕಾಂತಿಯ ವಿಷಯ ಈ ರಾಮಲಿಂಗಪ್ಪನನ್ನು ಕೇಳಬೇಕು. ತೆರಕಣಾಂಬಿಯಲ್ಲಿ ನನ್ನ ಬೆಳೆ ನೋಡುವುದಕ್ಕೆ ಬಸ್ಸುಗಳೇ ನಿಲ್ಲುತ್ತಿದ್ದವು. ಟೀ ಕುಡಿಯಲು ನಿಲ್ಲುತ್ತಿದ್ದವು ಎಂದು ಊರಿನಲ್ಲಿರುವ ನಮ್ಮವಳು, ನಿನ್ನ ಮಲ್ಲತ್ತೆ, ಹೇಳಿದರೆ ನಂಬಬೇಡ. ಒಂದೊಂದು ಹೂವು ಊಟದ ತಟ್ಟೆಯಷ್ಟು. ಬೀಗರು ಕೆರೊಲಿನಾದ ಬೆಟ್ಟಗಳನ್ನು ಸುತ್ತಿ, ಅಲ್ಲಿನ ನರ್ಸರಿಯಿಂದ ತಂದ ಈ ಕಾಡುಗಿಡದ್ದೋ, ಸಣ್ಣ ನಿಪ್ಪಟ್ಟಿನಷ್ಟೂ ಇಲ್ಲ. ಅದಕ್ಕೆ ಮರದ ನೆರಳೇ ಹಿತವಂತೆ! ಬಿಸಿಲಿಗೆ ಅಂಜುವ ಸೂರ್ಯಕಾಂತಿಯನ್ನು ಈ ವಯಸ್ಸಿಗೆ ಕಂಡೆ.

ನಾನು ಸುಮ್ಮನಿರುವವನೇ? ಹಕ್ಕಿಗೆ ಹಾಕುವ ಬೀಜದ ಪ್ಯಾಕೆಟ್ಟಿನಿಂದ ಒಂದು ಹಿಡಿ ಕದ್ದು ಬಿತ್ತಿದೆ. ಆಳೆತ್ತರ ಬಂತು. ಮೊಗ್ಗು ಬಿರಿಯುವ ಹೊತ್ತಿಗೆ ಜಿಂಕೆಗಳು ಬಂದು ಬುಡದ ತನಕ ಮೇಯ್ದವು. ಬೀಗರದನ್ನು ಮೂಸಿ ನೋಡಿ ಹೋದವು.

"ರುಚಿ ಇರೋದನ್ನ ತಾನೇ ಸ್ವಾಮಿ ತಿನ್ನೋದು?" ಎಂದೆ.

"ಅದೂ ನಿಜವೇ ಬೀಗರೇ," ಎಂದು ನಕ್ಕುಬಿಟ್ಟರು. ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವರು. ಸಿಟ್ಟೇ ಬರುವುದಿಲ್ಲ ಮಹಾರಾಯರಿಗೆ.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅಪ್ಪ ಮಗ ಹೋದ ದಿನ ಮಂಡಿನೋವೆಂದು ಸುಳ್ಳು ಹೇಳಿ ಉಳಿದೆ. ಸಲಿಕೆ ತಂದು ಗಿಡವನ್ನು ಬುಡಸಮೇತ ಅಗೆದೆ. ಮೇಲಿನ ಕಡ್ಡಿ ಪೂರಾ ಒಣಗಿತ್ತು. ಕೆಳಗೆ ಬೇರು ಬೆರಳು ಚಾಚಿಕೊಂಡು ಹರಡಿತ್ತು, ತುದಿಯಲ್ಲೆಲ್ಲ ಬಿಳಿಯ ಮೊಳಕೆ. ಚಳಿ ಕಳೆಯಲಿ ಎಂದು ಕಾದು ಕೂತಿತ್ತು. ಅದನ್ನು ಕಂಡೂ ತರಗೆಲೆಯ ಚೀಲಕ್ಕೆ ತುಂಬಿದೆ.

ಬೀಗರು ಬಂದು ಗುಂಡಿಯ ಮುಂದೆ ನಿಂತರು. "ಬೆಳೆ ಮುಗಿದಿತ್ತಲ್ಲ, ಪಾತಿ ಚೊಕ್ಕ ಮಾಡಿದೆ," ಎಂದೆ. ಜಗಳಕ್ಕೆ ಸಿದ್ಧವಾಗಿಯೇ ಇದ್ದೆ. ಆದರೆ ಆ ಸಂಜೆ ಅವರು ನಿನಗೆ ಹೇಳಿದ್ದೇನು? "ವರ್ಷ ವರ್ಷ ಬಿತ್ತೋ ಬೆಳೆ ಬೆಳೆದವರಮ್ಮ, ಒಣಗಿದ್ದು ಸತ್ತಿದೆ ಅಂದ್ಕೊಂಡ್ರು. ಇದು ಬೇರಿಂದ ಮತ್ತೆ ಚಿಗುರುತ್ತೆ ಅಂತ ನಾನೇ ಬಿಡಿಸಿ ಹೇಳ್ಬೇಕಿತ್ತು." ನೀನು ನಕ್ಕೆ. "ಪಾಪ ಮಾಮ, ಅವರಿಗೇನು ಗೊತ್ತಾಗುತ್ತೆ? ಬಿಡಿ ಅಪ್ಪಾ, ಇನ್ನೊಂದು ಆರ್ಡರ್ ಮಾಡೋಣ."

ಮೈಥಿಲಿ, ನನ್ನನ್ನು ಕೇಡಿಗ ಎನ್ನು, ಒಪ್ಪುತ್ತೇನೆ. ಜೀವವಿರುವ ಬೇರನ್ನು ಗುರುತಿಸಲಾರದವನು ಎಂದು ಮಾತ್ರ ಎನ್ನಬೇಡ. ಗೊತ್ತಿದ್ದೇ ಕಿತ್ತೆ.

ತರಗೆಲೆಯ ಚೀಲಗಳನ್ನು ಒಯ್ಯುವ ಲಾರಿ ಬರುವ ಮೊದಲು ಬೇರನ್ನು ಚೀಲದಿಂದ ಹೆಕ್ಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನಲ್ಲಿ ಇಟ್ಟಿದ್ದೆ. ಈ ದಿನ ಬೆಳಿಗ್ಗೆ ಬೀಗರ ಕೈಗಿಟ್ಟು ಎಲ್ಲ ಹೇಳಿದೆ. ಅವರು ತಿರುಗಿಸಿ ನೋಡಿ, "ಬದುಕಿದೆ ರೀ!" ಎಂದರು.

"ನನಗೆ ಗೊತ್ತು," ಎಂದೆ.

"ಮತ್ಯಾಕೆ ಹೀಗೆ ಮಾಡಿದ್ರಿ?"

ನಾನು ಸಲಿಕೆ ತರಲು ಹೋದೆ. ಇಬ್ಬರೂ ಸೇರಿ ನೆಟ್ಟೆವು. ಅವರು ಗುಂಡಿ ತೋಡಿದ್ದು ತೀರಾ ಆಳವಾಗಿತ್ತು, ನಾನು ಸರಿಮಾಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ಚೆನ್ನಾಗಿ ಮುಗಿಯಲಿ, ನೂರು ಕಾಲ ತಣ್ಣಗಿರು.

ಇಂತಿ ನಿನ್ನ
ಮಾಮ

ವಿ.ಸೂ.: ಬೀಗರಿಗೆ ಕೊಡಲಾರದ ಉತ್ತರ ನಿನಗೆ ಬರೆಯುತ್ತೇನೆ. ನಿನ್ನ ತಂದೆ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ನಮ್ಮ ಮನೆಗೆ ಬಂದ ಹೊಸತರಲ್ಲಿ, ಸಂತೆಯಿಂದ ಬರುವಾಗ, ಹೆಗಲ ಮೇಲೆ ಕೂತಿದ್ದವಳು ನನ್ನನ್ನು "ಅಪ್ಪಾ" ಎಂದು ಕರೆದೆ. ಹಿಂದೆ ಬರುತ್ತಿದ್ದ ನಿನ್ನಮ್ಮ ವಸಂತಾ ನಡುದಾರಿಯಲ್ಲಿ ನಿಂತುಬಿಟ್ಟಳು. ನಿನ್ನನ್ನು ಕೆಳಗಿಳಿಸಿ, "ಹಾಗನ್ನಬಾರದು ಪುಟ್ಟಿ, ನಾನು ಮಾಮ," ಎಂದೆ. ಆಮೇಲೆ ನೀನು ಒಮ್ಮೆಯೂ ಕರೆಯಲಿಲ್ಲ. ಆ ಕರೆ ಇನ್ನು ಯಾರಿಗೂ ಇಲ್ಲ ಎಂದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಬೀಗರನ್ನು ಹಾಗೆ ಕರೆಯಬೇಡ ಎಂದು ಹೇಳುತ್ತಿಲ್ಲ, ಒಳ್ಳೆಯ ಮನುಷ್ಯರು. ಆದರೆ ನೀನು "ಅಪ್ಪಾ" ಎಂದಾಗಲೆಲ್ಲ ಓಗೊಡಲು ನನ್ನ ಬಾಯಿ ತೆರೆಯುತ್ತದೆ. ಯಾರಾದರೂ ನೋಡಿಯಾರೆಂದು ಬೇಗ ಒಂದು ತುತ್ತು ಅನ್ನ ಇಟ್ಟುಕೊಳ್ಳುತ್ತೇನೆ.