ಎಂಟಿಲ್ಲದ ಮೀಟರು

ಒಂಬತ್ತನೇ ತಾರೀಖು, ಭಾನುವಾರ

ಪ್ರೀತಿಯ ತಂಗೀ,

ಹೇಗಿದ್ದೀಯ? ಮಗುವಿನ ಕೆಮ್ಮು ನಿಂತಿತೇ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಬೈಗುಳವೇ ಬರುತ್ತಿತ್ತು.

ನಿನ್ನ ಗಂಡ ಸಹಿ ಹಾಕಿಬಿಡಲಿ ಎನ್ನುತ್ತೀಯ. ಗೇಟಿನ ಎಣಿಕೆಯಲ್ಲಿ ತನ್ನಿಂದ ತಪ್ಪಾಯಿತು ಎಂದು ಬರೆದುಕೊಟ್ಟರೆ ಕೆಲಸ ಉಳಿಸುತ್ತೇನೆ ಎಂದಿದ್ದಾನಂತೆ ಮ್ಯಾನೇಜರ್. ನಾಳೆ ವಿಚಾರಣೆ, ಅದಕ್ಕೇ ಈ ಕಾಗದವನ್ನು ಈಗಲೇ ಪಕ್ಕದ ಮನೆ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಹಿ ಬಿದ್ದರೆ ಬೆಂಕಿಯಲ್ಲಿ ಸತ್ತ ನಾಲ್ವರ ಫೈಲು ಅಲ್ಲಿಗೇ ಮುಚ್ಚಿತು.

ನೀನು ನಮ್ಮ ಸ್ಪಂಜಿನ ಫ್ಯಾಕ್ಟರಿಯೊಳಗೆ ಕಾಲಿಟ್ಟವಳಲ್ಲ, ಬಿಡಿಸಿ ಹೇಳುತ್ತೇನೆ. ಗೇಟು ದಾಟಿ ಹೊರಗೆ ಹೋಗುವವರನ್ನು ಎಣಿಸಲು ಅಲ್ಲೊಂದು ಮೀಟರಿದೆ, ಪ್ರತಿ ಪಾಳಿಗೂ ಸೊನ್ನೆಯಿಂದ ಶುರು. ಗುಜರಿಗೆ ಬಿದ್ದ ಯಾವುದೋ ಯಂತ್ರದಿಂದ ಕಿತ್ತು ತಂದದ್ದು. ಅದರ ಚಕ್ರಗಳ ಮೇಲೆ ಸೊನ್ನೆಯಿಂದ ಏಳರವರೆಗೆ ಮಾತ್ರ ಅಂಕಿ. ಎಂಟೂ ಇಲ್ಲ, ಒಂಬತ್ತೂ ಇಲ್ಲ. ಏಳು ಜನ ದಾಟಿದರೆ ಏಳು. ಎಂಟನೆಯವರು ದಾಟಿದರೋ, ಬಲಗಡೆಯದು ಸೊನ್ನೆಗೆ ಹೊರಳಿ ಎಡಗಡೆ ಒಂದು ಬೀಳುತ್ತದೆ. ಕಣ್ಣಿಗೆ ಹತ್ತು, ದಾಟಿದವರು ಎಂಟೇ. ಇಪ್ಪತ್ತು ಕಂಡರೆ ಹದಿನಾರು. ಕೊನೆಯ ಅಂಕಿ ಸೊನ್ನೆಯಾಯಿತೆಂದರೆ ಎಂಟರ ಗುಂಪು ಪೂರ್ತಿ ತುಂಬಿತು ಎಂದರ್ಥ. ಇದು ನಮಗೆಲ್ಲ ಬಾಯಿಪಾಠ. ನಿನ್ನ ಗಂಡ ದಿನವೂ ಮನಸ್ಸಿನಲ್ಲೇ ಲೆಕ್ಕ ತಿರುಗಿಸಿ ಆಫೀಸಿಗೆ ಸರಿ ಸಂಖ್ಯೆ ಹೇಳುತ್ತಿದ್ದ. ಬೇರೆ ಮೀಟರು ಹಾಕಿಸಿ ಎಂದು ಯೂನಿಯನ್ನಿನವರು ಹಳೇ ಮ್ಯಾನೇಜರನ್ನು ಕೇಳಿದರೆ, ನಿಮಗೆ ಲೆಕ್ಕ ಬರುತ್ತದಲ್ಲ, ಇನ್ನೇನು ಎಂದ. ಪ್ಯಾಕಿಂಗಿನ ಬಾಯಿಬಡುಕಿ ನಗುತ್ತಿದ್ದಳು: "ಎಂಟು ಜನ ಹೋದ್ರೆ ಹತ್ತು ಜನರ ಕೆಲಸ ಬೇಕು ಧಣಿಗೆ. ಮೀಟರೂ ಅವರ ಕಡೆಯದೇ ಕಣ್ರೇ."

ಆ ದಿನದ ಪಾಳಿಯಲ್ಲಿ ಇಪ್ಪತ್ತು ಜನ. ನಾನು ಎರಡನೇ ಪಾಳಿಯವಳು, ಇರಲಿಲ್ಲ. ಗೇಟಿನಲ್ಲೇ ನಿಂತಿದ್ದ ಬಾಯಿಬಡುಕಿ ಹೇಳಿದ್ದು ಇದು. ಕೆಲಸದ ಶೆಡ್ಡಿನಲ್ಲಿ ಬೆಂಕಿ ಬಿದ್ದು ಹೊಗೆಯೆದ್ದು ಜನ ಗೇಟಿಗೆ ಓಡಿ ಬಂದರು. ಹೊಸ ಮ್ಯಾನೇಜರ್, ಮೀಟರಿನ ಕಥೆ ಗೊತ್ತಿಲ್ಲದವನು, ಕೂಗಿದ: "ಮೀಟರ್ ಎಷ್ಟು ತೋರಿಸ್ತಿದೆ?"

"ಇಪ್ಪತ್ತು ತೋರಿಸ್ತಿದೆ ಸಾರ್" ಎಂದ ನಿನ್ನ ಗಂಡ.

"ಇಪ್ಪತ್ತೂ ಬಂದ್ರಲ್ಲ. ಶೆಡ್ಡಿನ ಬಾಗಿಲು ಎಳಿ. ಗೋದಾಮು ಉಳೀಲಿ."

ಇವನು ಬಾಯಿ ತೆರೆದನಂತೆ, ಮಾತು ಹೊರಡಲಿಲ್ಲ. ಸಾಹೇಬರು ಕೇಳಿದ್ದಕ್ಕಷ್ಟೇ ಉತ್ತರ, ಮೇಲೊಂದು ಮಾತಾಡಿದರೆ ಗೇಟಿನಾಚೆ. ಅಲ್ಲಿನ ಪದ್ಧತಿಯೇ ಅದು. ಹದಿನಾರು ಜನ ಹೊರಗೆ, ನಾಲ್ವರು ಒಳಗೆ. ಕಬ್ಬಿಣದ ಬಾಗಿಲು ಎಳೆದವನೂ ಇವನೇ.

ಇದನ್ನು ನಾನು ಮುಚ್ಚಿಡುವವಳಲ್ಲ. ಹೆದರಿದ, ಸುಮ್ಮನಾದ. ಆದರೆ ಎಣಿಕೆ ತಪ್ಪಿದ್ದನೇ? ಇಲ್ಲ. ಗುಜರಿ ಮೀಟರು ತಂದವರು ಯಾರು? ಆ ಹೆದರಿಕೆಯನ್ನು ಅವನ ಗಂಟಲಿಗೆ ತುರುಕಿದವರು ಯಾರು? ಮನುಷ್ಯರಿಗಿಂತ ಮೊದಲು ಗೋದಾಮು ನೆನಪಾದದ್ದು ಯಾರಿಗೆ? ಅವರು ಕೈ ತೊಳೆದುಕೊಳ್ಳಲು ಇವನ ಸಹಿ ಬೇಕೇ?

ಅವನು ಬಂದು ಎರಡನ್ನೂ ಹೇಳಲಿ: ಅವರು ಮಾಡಿದ್ದು, ತಾನು ಹೇಳದೆ ಉಳಿದದ್ದು. ಕೆಲಸ ಹೋಗಬಹುದು. ಹೋದರೆ ನನ್ನ ತಟ್ಟೆಯಲ್ಲಿ ಅರ್ಧ ನಿಮ್ಮದು.

ಮಗುವಿಗೆ ಮುತ್ತು. ಅದು ಯಾರ ಮುಂದೆಯೂ ಬಾಯಿ ಕಟ್ಟಿಸಿಕೊಳ್ಳದೆ ಬೆಳೆಯಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಆ ನಾಲ್ವರಲ್ಲಿ ನಿನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದವಳೂ ಒಬ್ಬಳು. ನಿನ್ನ ಕಾಗದದಲ್ಲಿ ಅವಳ ಸುದ್ದಿಯೇ ಇಲ್ಲ. ಮಣ್ಣಿಗೂ ನೀವಿಬ್ಬರೂ ಬರಲಿಲ್ಲ. ನಾಳೆ ಬನ್ನಿ. ನನ್ನ ಮಗಳು ಒಳಗಿದ್ದಾಗ ಬಾಗಿಲು ಎಳೆದವನ ಮುಖ ನೋಡಲು ನನಗಿನ್ನೂ ಆಗುವುದಿಲ್ಲ. ತಲೆ ತಗ್ಗಿಸಿಕೊಂಡೇ ಕೂತಿರುತ್ತೇನೆ. ಅವನು ಮಾತಾಡಲಿ.