ರೆಕ್ಕೆಯ ತುದಿಯ ಸುಳಿ

ಕಂಟೋನ್ಮೆಂಟ್, ಬಳ್ಳಾರಿ
೯ ಫೆಬ್ರವರಿ ೨೦೨೫

ಪ್ರೀತಿಯ ಸರೋಜಾ,

ಕರೂರಿನಲ್ಲಿ ನೀನೂ ನಿನ್ನ ಮೊಣಕಾಲೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಮೊಮ್ಮಗಳು ನೇತ್ರಾ ಕಾಲೇಜಿನ ಪ್ರಾಜೆಕ್ಟ್ ಎಂದು ನಮ್ಮ ನಡುಮನೆಯನ್ನೇ ವಿಮಾನ ನಿಲ್ದಾಣ ಮಾಡಿದ್ದಾಳೆ. ಕೂತು ಬರೆಯಲು ಜಾಗವಿಲ್ಲ.

ನಿನ್ನ ಕಾಗದದಲ್ಲಿ ಭತ್ತದ ನಾಟಿ, ಕಾಲುವೆ ನೀರು, ಸೊಸೆಯ ಸಿಡುಕು ಎಲ್ಲ ಇತ್ತು. ಕುರುಗೋಡಿನ ಮದುವೆಯಲ್ಲಿ ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿರಲಿಲ್ಲ. ನನ್ನ ಎಲ್ಲಮ್ಮ ಹೋಗಿ ಆರು ವರ್ಷವಾಯಿತು, ನಿನ್ನ ಯಜಮಾನರು ಹೋಗಿ ಅದಕ್ಕೂ ಹೆಚ್ಚು. ಉಳಿದ ಕಾಲ ಒಂದೇ ಮನೆಯಲ್ಲಿ ಇರೋಣವೇ ಎಂದಿದ್ದೆ. "ಸಿರುಗುಪ್ಪ ಬಸ್ಸು ಬಂತೋ ಮಾರಾಯ, ಕಾಗದ ಬರೀತೀನಿ ತಡಿ," ಎಂದೆ ನೀನು. ಮೊಣಕಾಲು ನೋವೆನ್ನುವವಳು ಓಡಿದ್ದೇ ಓಡಿದ್ದು!

ಇರಲಿ. ನೇತ್ರಾಳದು ವಿಂಗ್‌ಲೆಟ್ ಎಂಬ ವಿಷಯ. ವಿಮಾನದ ರೆಕ್ಕೆಯ ತುದಿಯನ್ನು ಮೇಲಕ್ಕೆ ಮಡಿಸಿರುತ್ತಾರಲ್ಲ, ಅದು. "ಎಲ್ಲಾ ಕ್ಯಾಂಟ್ ಆ್ಯಂಗಲ್ ಮ್ಯಾಲೇ ಐತಿ ತಾತಾ," ಎಂದಳು. ಬಳ್ಳಾರಿಯವನಿಗೆ ಕ್ಯಾಂಟ್ ಎಂದರೆ ಇನ್ನೇನು? "ನಮ್ಮ ಕಂಟೋನ್ಮೆಂಟ್ ಮ್ಯಾಲೆ ವಿಮಾನ ಯಾವಾಗ ಹಾರ್ತಾವು?" ಎಂದುಬಿಟ್ಟೆ.

"ಅಯ್ಯೋ! ಬಿಎಸ್ಸಿ ಓದಿ ಪಾಸಾದಿಯೋ, ಕಾಪಿ ಹೊಡದಿಯೋ? ತುದಿ ಎಷ್ಟು ವಾಲೇತಿ ಅನ್ನೋದು ಕ್ಯಾಂಟ್!"

ಥರ್ಮೋಕೋಲಿನ ರೆಕ್ಕೆ, ಟೇಬಲ್ ಫ್ಯಾನು, ಗಾಳಿ ನೆಟ್ಟಗೆ ಬರಲೆಂದು ಅದರ ಮುಂದೆ ಜ್ಯೂಸ್ ಕುಡಿಯುವ ಕೊಳವೆಗಳ ಕಟ್ಟು, ಮತ್ತೆ ಊದಿನಕಡ್ಡಿಯ ಹೊಗೆ. ಹೈ ಪ್ರೆಶರ್ ಗೋಸ್ ಟು ಲೋ ಪ್ರೆಶರ್ ಎಂದು ನಮ್ಮ ಫಿಸಿಕ್ಸ್ ಮೇಷ್ಟ್ರು ಹೇಳುತ್ತಿದ್ದರಲ್ಲ, ಗೋಸೋ ಫ್ಲೋಸೋ, ಹಾಗೆ ರೆಕ್ಕೆಯ ಅಡಿಯ ಗಾಳಿ ತುದಿಯನ್ನು ಸುತ್ತಿ ಮೇಲಕ್ಕೆ ನುಗ್ಗುತ್ತದೆ. ಹಿಂದೆ ಸುಳಿ ಏಳುತ್ತದೆ. ಆ ಸುಳಿಗೆ ಸುರಿದ ಶಕ್ತಿಯೇ ವಿಮಾನವನ್ನು ಹಿಂದಕ್ಕೆಳೆಯುವ ಡ್ರ್ಯಾಗ್. ತುದಿ ಚಪ್ಪಟೆಯಿದ್ದಾಗ ಹೊಗೆ ಜಿಲೇಬಿಯಾಯಿತು. ನೆಟ್ಟಗೆ ನಿಲ್ಲಿಸಿದಾಗ ಸುಳಿ ಕುಗ್ಗಿತು, ಆದರೆ ಮಡಿಕೆಯ ಮೂಲೆಯಲ್ಲಿ ಹೊಗೆ ಕದಡಿತು. ಸ್ವಲ್ಪ ಹೊರಕ್ಕೆ ವಾಲಿಸಿದಳು ನೋಡು, ಎಷ್ಟು ಸಲೀಸಾಗಿ ಜಾರಿತೆಂದರೆ ನಾನು ಚಪ್ಪಾಳೆ ತಟ್ಟಿದೆ.

"ಕುಣೀಬ್ಯಾಡ ತಾತಾ. ಇದು ಈ ರೆಕ್ಕಿಗಷ್ಟ, ಇಷ್ಟು ಗಾಳಿಗಷ್ಟ. ಬ್ಯಾರೆ ರೆಕ್ಕಿಗೆ ಬ್ಯಾರೆ ಕೋನ. ತುದಿ ಬೆಳಸಿದ್ರ ಬುಡಕ್ಕ ಭಾರಾನೂ ಬೀಳ್ತೈತಿ," ಎಂದು ಗದರಿದಳು.

ನಾನು ಹೊಗೆಯನ್ನು ನೋಡುತ್ತ ಎಲ್ಲಿಗೋ ಹೋಗಿದ್ದೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನೀನು ಪಕ್ಕದ ಬೆಂಚಿನಿಂದ ವಾಲಿ ನನ್ನ ರೀಡಿಂಗ್ ಕದಿಯುತ್ತಿದ್ದೆ, ಜಡೆ ನನ್ನ ಕೈಮೇಲೆ ಬೀಳುತ್ತಿತ್ತು. ನಾನು ಬೇಕೆಂದೇ ನಿಧಾನವಾಗಿ ಬರೆಯುತ್ತಿದ್ದೆ, ಸರೋಜಾ. ನಿನಗೆ ಗೊತ್ತಿತ್ತೇ?

ನಿನ್ನ ಗದ್ದೆಯ ಕೊನೆಯ ಮಡಿಯವರೆಗೂ ನೀರು ಮುಟ್ಟಲಿ. ಕುರುಗೋಡಿನ ಬಸವೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ವೆಂಕಣ್ಣ

ತಾ.ಕ.: ತಡವಾದದ್ದಕ್ಕೆ ನೇತ್ರಾ ಕಾರಣವಲ್ಲ. ನಿನ್ನ ಕಾಗದದ ಮೊದಲ ಸಾಲನ್ನು ದಾಟಲು ನನ್ನಿಂದ ಆಗಿರಲಿಲ್ಲ. ಕಾಲೇಜಿನಿಂದಲೂ 'ವೆಂಕಣ್ಣ' ಎಂದು ಬರೆದವಳು ಈ ಸಲ ಬರೀ 'ಅಣ್ಣಾ' ಎಂದಿದ್ದೀಯ. ಅವಸರದಲ್ಲಿ 'ವೆಂಕ' ಬಿಟ್ಟುಹೋಗಿದ್ದರೆ ಒಂದು ಸಾಲು ಬರೆ. ಬೇಕೆಂದೇ ಬಿಟ್ಟಿದ್ದರೆ ಬರೆಯಬೇಡ.